ಮೆಲ್ಬರ್ನ್ ಕಪ್‌ನ ಸೆಳೆತ ಕುಗ್ಗಿದೆಯೇ? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ನವೆಂಬರ್ ತಿಂಗಳ ಮೊದಲ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಫ್ಲೆಮಿಂಗ್ಟನ್ ಮೈದಾನದಲ್ಲಿ ಓಡುವ 3,200 ಮೀಟರಿನ ಕುದುರೆ ಪಂದ್ಯವೇ ಮೆಲ್ಬರ್ನ್ ಕಪ್. ಶುರುವಾದದ್ದು 1861ರಲ್ಲಿ. ಮೊದಲ ಮಂಗಳವಾರದ ಪದ್ಧತಿ 1875ರಿಂದ ನಡೆದುಬಂದಿದೆ. ‘ಇಡೀ ದೇಶವನ್ನು ನಿಲ್ಲಿಸುವ ಓಟ’ ಎಂಬ ಬಿರುದು ಅದಕ್ಕಿದೆ. ಆ ಬಿರುದು ಈಗಲೂ ಸಲ್ಲುತ್ತದೆಯೇ ಎಂದು ಆಸ್ಟ್ರೇಲಿಯಾದ ಕನ್ನಡಿಗರೂ ನಮ್ಮ ಊರಿನ ರೇಸು ಪ್ರಿಯರೂ ಕೇಳಿದ್ದಾರೆ. ಈ ಸಲದ ಅಂಕಣ ಪೂರ್ತಿ ಆ ಪತ್ರಗಳಿಗೇ ಮೀಸಲು.

ಪ್ರಶ್ನೆ: ನಾನು ಸಿಡ್ನಿಗೆ ಬಂದ ಹೊಸದರಲ್ಲಿ ಕಪ್ ದಿನ ಎಂದರೆ ಕಚೇರಿಗೆ ಅರ್ಧ ದಿನದ ಹಬ್ಬ. ಮೂರು ಗಂಟೆಗೆ ಎಲ್ಲರೂ ಟಿವಿ ಮುಂದೆ. ಈಗ ತಂಡದ ಅರ್ಧ ಜನ ಪರದೆಯ ಕಡೆ ತಿರುಗಿಯೂ ನೋಡುವುದಿಲ್ಲ. ಕಪ್‌ನ ಕಾಲ ಮುಗಿಯಿತೇ? *(ಸಿಡ್ನಿಯ ಓದುಗರು)*

ಉತ್ತರ: ಮುಗಿದಿಲ್ಲ. ಹಿಡಿತ ಸಡಿಲವಾಗಿರುವುದು ಮಾತ್ರ ನಿಜ.

ಮೊದಲು ಮೈದಾನದ ಲೆಕ್ಕ ನೋಡಿ. 2003ರಲ್ಲಿ ಮಕೈಬಿ ಡೀವಾ ಎಂಬ ಹೆಣ್ಣು ಕುದುರೆ ತನ್ನ ಮೊದಲ ಕಪ್ ಗೆದ್ದ ದಿನ ಫ್ಲೆಮಿಂಗ್ಟನ್‌ನಲ್ಲಿ ಸೇರಿದ್ದವರು 1,22,736 ಜನ. ಕಪ್ ದಿನದ ಮಟ್ಟಿಗೆ ಆ ದಾಖಲೆಯನ್ನು ಇನ್ನೂ ಯಾವ ವರ್ಷವೂ ಮುರಿದಿಲ್ಲ. 2015ರಲ್ಲಿ 1,01,015 ಜನ ಬಂದರು. ಆಮೇಲೆ ಲಕ್ಷದ ಗಡಿ ದಾಟಿದ್ದಿಲ್ಲ. 2022ರ ಚಳಿ ಮಳೆಯಲ್ಲಿ ಸಂಖ್ಯೆ 73,816ಕ್ಕೆ ಕುಸಿಯಿತು. 2023ರಲ್ಲಿ 84,492, 2024ರಲ್ಲಿ 91,168. ವಾರದ ನಡುವಿನ ಒಂದು ಮಂಗಳವಾರ ತೊಂಬತ್ತು ಸಾವಿರ ಜನ ಟಿಕೆಟ್ ಕೊಂಡು ಬರುವ ಪಂದ್ಯವನ್ನು ಸತ್ತಿದೆ ಎನ್ನಲು ಬಾರದು.

ಕಳೆದುಹೋಗಿರುವುದು ಮೈದಾನದ ಹೊರಗಿನ ಆಸಕ್ತಿ. ಮೊದಲು ರೇಸಿನ ಗಂಧವೇ ಇಲ್ಲದವರಿಗೂ ಕಪ್‌ನಲ್ಲಿ ಓಡುವ ಎರಡು ಮೂರು ಕುದುರೆಗಳ ಹೆಸರು ಬಾಯಲ್ಲಿರುತ್ತಿತ್ತು. ಈಗ ರೇಸು ಬಲ್ಲವರೂ ಪಟ್ಟಿ ನೋಡಿಯೇ ಹೇಳಬೇಕು. ನಮ್ಮ ಮಟ್ಟಿಗೆ ಮೂಲ ಕಾರಣ ಇದೇ. ಕುದುರೆಗೂ ಜನಕ್ಕೂ ಇದ್ದ ಪರಿಚಯ ತಪ್ಪಿದೆ. ಉಳಿದ ಕಾರಣಗಳು ಇದರ ಮೇಲೆ ಬಂದು ಕೂತವು. 2013ರಿಂದ 2020ರವರೆಗೆ ಕಪ್‌ನಲ್ಲಿ ಸಾಲಾಗಿ ಕುದುರೆಗಳು ಸತ್ತವು. ವರ್ಷಕ್ಕೊಮ್ಮೆ ಬಾಜಿ ಕಟ್ಟುತ್ತಿದ್ದವರ ಜೇಬಿಗೆ ಮೊಬೈಲ್ ಬಂದು, ದಿನವೂ ಯಾವುದಾದರೂ ಪಂದ್ಯದ ಮೇಲೆ ಕಟ್ಟುವ ದಾರಿ ತೆರೆಯಿತು. ನಿಮ್ಮ ಸಿಡ್ನಿಯಲ್ಲೇ 2017ರಿಂದ ಅಕ್ಟೋಬರ್‌ನಲ್ಲಿ ‘ದಿ ಎವರೆಸ್ಟ್’ ಓಡುತ್ತಿದೆ. ರ‍್ಯಾಂಡ್‌ವಿಕ್ ಮೈದಾನದಲ್ಲಿ ಬರೀ 1,200 ಮೀಟರ್, ಬಹುಮಾನ ಮಾತ್ರ 2 ಕೋಟಿ ಆಸ್ಟ್ರೇಲಿಯನ್ ಡಾಲರ್. ಹಣದಲ್ಲಿ ಅದು ಮೆಲ್ಬರ್ನ್ ಕಪ್‌ಗಿಂತ ಬಹಳ ಮುಂದಿದೆ, ಎಳೆಯರನ್ನು ಚೆನ್ನಾಗಿಯೇ ಸೆಳೆದಿದೆ. ಆದರೆ ಎಪ್ಪತ್ತು ಸೆಕೆಂಡಿನೊಳಗೆ ಮುಗಿಯುವ ಓಟದಲ್ಲಿ ಕಥೆ ಬೆಳೆಯಲು ಜಾಗವಿಲ್ಲ. ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಕಪ್‌ನಲ್ಲಿ ಹಿಂದಿದ್ದದ್ದು ಮುಂದೆ ಬರುವುದನ್ನು, ಮುಂದಿದ್ದದ್ದು ಸೋಲುವುದನ್ನು ಕಣ್ಣಾರೆ ಕಾಣಬಹುದು.

ಪ್ರಶ್ನೆ: ಆಸ್ಟ್ರೇಲಿಯಾದ ಕಪ್‌ಗೆ ಐರ್ಲೆಂಡ್, ಫ್ರಾನ್ಸ್, ಜಪಾನಿನ ಕುದುರೆಗಳೇಕೆ? ಊರ ಕುದುರೆ ಇಲ್ಲದಿದ್ದರೆ ಊರ ಜನಕ್ಕೆ ಏನು ಆಸಕ್ತಿ? *(ಅಡಿಲೇಡ್‌ನ ಓದುಗರು)*

ಉತ್ತರ: ಆಸ್ಟ್ರೇಲಿಯಾದಲ್ಲಿ ಕುದುರೆ ಸಾಕುವವರ ದುಡ್ಡು ವೇಗದ ಕುದುರೆಯಲ್ಲಿದೆ. ಅಲ್ಲಿನ ದೊಡ್ಡ ಆಸೆ ಎರಡು ವರ್ಷದ ಮರಿಗಳು 1,200 ಮೀಟರ್ ಓಡುವ ಗೋಲ್ಡನ್ ಸ್ಲಿಪ್ಪರ್. ಹರಾಜಿನಲ್ಲಿ ಮರಿ ಕೊಂಡವನಿಗೆ ಒಂದು ವರ್ಷದೊಳಗೆ ಹಣ ವಾಪಸು ಬರುವ ದಾರಿ ಅದು. 3,200 ಮೀಟರ್ ತಾಳುವ ಕುದುರೆ ಬಲಿಯಲು ನಾಲ್ಕೈದು ವರ್ಷ ಬೇಕು. ಅಷ್ಟು ಕಾಲ ಮೇವು, ಲಾಯ, ತರಬೇತಿಯ ಖರ್ಚು ಹೊರುವವರು ಕಡಿಮೆ. ಹಾಗಾಗಿ ದೂರದ ಓಟದ ತಳಿ ಅಲ್ಲಿ ಸೊರಗಿತು. ಬೇಕಾದವರು ಇಂಗ್ಲೆಂಡಿನ ನ್ಯೂಮಾರ್ಕೆಟ್ ಹರಾಜಿಗೆ ಹೋಗಿ, 2,400 ಮೀಟರಿನಲ್ಲಿ ಆಗಲೇ ಗೆದ್ದು ತೋರಿಸಿದ ಕುದುರೆಯನ್ನು ಕೊಂಡು ತರತೊಡಗಿದರು.

ಇನ್ನೊಂದು ದಾರಿ ಪಂದ್ಯಕ್ಕೆಂದೇ ಹಾರಿ ಬರುವ ಕುದುರೆಗಳದು. 1993ರಲ್ಲಿ ಐರ್ಲೆಂಡಿನ ವಿಂಟೇಜ್ ಕ್ರಾಪ್ ಗೆದ್ದು ಆ ಬಾಗಿಲು ತೆರೆಯಿತು. ಉತ್ತರ ಗೋಳಾರ್ಧದಲ್ಲಿ ತರಬೇತಾದ ಕುದುರೆಯೊಂದು ಕಪ್ ಗೆದ್ದದ್ದು ಅದೇ ಮೊದಲು. ಮುಂದೆ 2006ರಲ್ಲಿ ಜಪಾನಿನ ಡೆಲ್ಟಾ ಬ್ಲೂಸ್, 2010 ಮತ್ತು 2011ರಲ್ಲಿ ಫ್ರಾನ್ಸಿನ ಅಮೆರಿಕೇನ್ ಮತ್ತು ಡುನಾಡೆನ್, 2014ರಲ್ಲಿ ಜರ್ಮನಿಯ ಪ್ರೊಟೆಕ್ಷನಿಸ್ಟ್ ಗೆದ್ದವು.

ಆದರೆ ಹುಟ್ಟಿದ ಊರೇ ತೊಡಕು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಆಸ್ಟ್ರೇಲಿಯನ್ನರು ಎದೆಗಪ್ಪಿಕೊಂಡ ಫಾರ್ ಲ್ಯಾಪ್ ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲಿ. 2003, 2004, 2005 ಹೀಗೆ ಮೂರು ವರ್ಷ ಸತತವಾಗಿ ಗೆದ್ದ ಮಕೈಬಿ ಡೀವಾ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಜನ ಅವುಗಳನ್ನು ತಮ್ಮವೆಂದುಕೊಂಡದ್ದು ವರ್ಷಗಟ್ಟಲೆ, ಸೋಲು ಗೆಲುವು ಎರಡರಲ್ಲೂ, ಕಣ್ಣೆದುರೇ ಓಡುವುದನ್ನು ಕಂಡಿದ್ದರಿಂದ. ಅಕ್ಟೋಬರ್‌ನಲ್ಲಿ ವಿಮಾನ ಇಳಿದು, ಮೆಲ್ಬರ್ನ್ ಪಕ್ಕದ ವೆರಿಬಿಯ ಕ್ವಾರಂಟೈನ್ ಲಾಯದಲ್ಲಿದ್ದು, ಒಮ್ಮೆ ಓಡಿ ಮರಳುವ ಕುದುರೆಯ ಜೊತೆ ಯಾರಿಗೂ ನಂಟು ಬೆಳೆಯದು.

ಗಾಳಿ ಸ್ವಲ್ಪ ತಿರುಗಿದೆ. 2024ರಲ್ಲಿ ಗೆದ್ದ ನೈಟ್ಸ್ ಚಾಯ್ಸ್, 2025ರಲ್ಲಿ ಗೆದ್ದ ಹಾಫ್ ಯುವರ್ಸ್ ಎರಡೂ ಆಸ್ಟ್ರೇಲಿಯಾದಲ್ಲೇ ಹುಟ್ಟಿ ಬೆಳೆದವು. ಹಾಫ್ ಯುವರ್ಸ್ ಅದಕ್ಕೆ ಮುಂಚೆ ಮೆಲ್ಬರ್ನ್‌ನ ಇನ್ನೊಂದು ದೊಡ್ಡ ಪಂದ್ಯವಾದ ಕಾಲ್‌ಫೀಲ್ಡ್ ಕಪ್ಪನ್ನೂ ಗೆದ್ದಿತ್ತು. ಆ ಎರಡೂ ಕಪ್‌ಗಳಲ್ಲಿ ಅದರ ಸವಾರಿ ಮಾಡಿದವರು ಜೇಮಿ ಮೆಲ್‌ಹ್ಯಾಮ್. 2015ರಲ್ಲಿ ಗೆದ್ದ ಮಿಶೆಲ್ ಪೇನ್ ಅವರ ನಂತರ ಮೆಲ್ಬರ್ನ್ ಕಪ್ ಗೆದ್ದ ಎರಡನೆಯ ಮಹಿಳಾ ಜಾಕಿ ಇವರು. ಒಂದೇ ವರ್ಷ ಎರಡೂ ಕಪ್ ಗೆದ್ದ ಮೊದಲ ಮಹಿಳೆಯೂ ಇವರೇ. ಕಪ್‌ಗೆ ಬೇಕಾದದ್ದು ಇಂಥ, ಜನ ಮೊದಲೇ ಹಿಂಬಾಲಿಸಿದ ಹೆಸರುಗಳು.

ಪ್ರಶ್ನೆ: ಒಳ್ಳೆಯ ಕುದುರೆಯ ಬೆನ್ನಿಗೆ ಹೆಚ್ಚು ಭಾರ ಹೇರುತ್ತಾರಂತೆ. ಇದು ನ್ಯಾಯವೇ? *(ಹುಬ್ಬಳ್ಳಿಯ ಓದುಗರು)*

ಉತ್ತರ: ಹ್ಯಾಂಡಿಕ್ಯಾಪ್ ಎಂದರೆ ಅದೇ. ಹಳೆಯ ಓಟಗಳ ಫಲಿತಾಂಶ ನೋಡಿ ಅಧಿಕಾರಿಯೊಬ್ಬರು ಪ್ರತಿ ಕುದುರೆಗೂ ತೂಕ ನಿಗದಿ ಮಾಡುತ್ತಾರೆ. ಎಲ್ಲ ಕುದುರೆಗಳೂ ಗುರಿಯ ಹತ್ತಿರ ಒಟ್ಟಿಗೆ ಬರುವಂತೆ ಮಾಡುವುದು ಅವರ ಗುರಿ. ಈಗಿನ ನಿಯಮದಲ್ಲಿ ಅತಿ ಕಡಿಮೆ ತೂಕ 50 ಕಿಲೋ. ಪಟ್ಟಿಯ ಮೇಲ್ತುದಿಯಲ್ಲಿರುವ ಕುದುರೆಗೆ 57 ಕಿಲೋಗಿಂತ ಕಡಿಮೆ ಇಡುವಂತಿಲ್ಲ. ತೂಕ ಸೆಪ್ಟೆಂಬರ್‌ನಲ್ಲೇ ಪ್ರಕಟವಾಗುತ್ತದೆ. ಆಮೇಲೆ ದೊಡ್ಡ ಪಂದ್ಯ ಗೆದ್ದ ಕುದುರೆಗೆ ದಂಡವಾಗಿ ಇನ್ನಷ್ಟು ಸೇರಿಸಬಹುದು.

ಈ ತೂಕದಲ್ಲಿ ಜಾಕಿ, ಜೀನು ಮತ್ತು ಕೊರತೆ ತುಂಬುವ ಸೀಸದ ತುಂಡುಗಳು ಸೇರಿರುತ್ತವೆ. ಸೀಸವನ್ನು ಜೀನಿನ ಕೆಳಗಿನ ಬಟ್ಟೆಯ ಜೇಬುಗಳಲ್ಲಿ ಎರಡೂ ಪಕ್ಕಕ್ಕೆ ಸಮನಾಗಿ ಹಂಚುತ್ತಾರೆ. 54 ಕಿಲೋ ಹೊರಬೇಕಾದ ಕುದುರೆಗೆ ಜಾಕಿಯೂ ಜೀನೂ ಸೇರಿ 52 ಬಂದರೆ ಎರಡು ಕಿಲೋ ಸೀಸ. ಇದು ಸತ್ತ ಭಾರ. ಜಾಕಿಯಂತೆ ಕುದುರೆಯ ಹೆಜ್ಜೆಗೆ ತಕ್ಕಂತೆ ಮೈ ಬಗ್ಗಿಸಲಾರದು. ಅದಕ್ಕೇ ಟ್ರೇನರ್‌ಗಳಿಗೆ ನಿಗದಿತ ತೂಕಕ್ಕೆ ಹತ್ತಿರ ಇರುವ ಜಾಕಿಯೇ ಇಷ್ಟ. ಆದರೆ 50-51 ಕಿಲೋಗೆ ಸವಾರಿ ಮಾಡಬಲ್ಲ ಅನುಭವಿ ಜಾಕಿಗಳು ಬೆರಳೆಣಿಕೆ. ಕೊನೆಗಳಿಗೆಯಲ್ಲಿ ಮೈ ಇಳಿಸಿ ತೂಕ ಕಟ್ಟಿದ ಜಾಕಿ ಕೊನೆಯ 400 ಮೀಟರಿನಲ್ಲಿ ಸೋಲುವುದುಂಟು, ಬೈಗುಳ ಕುದುರೆಗೆ ಸಿಗುತ್ತದೆ. ಓಟ ಮುಗಿದ ಮೇಲೆ ಮತ್ತೆ ತಕ್ಕಡಿ ಏರಲೇಬೇಕು. ತೂಕ ಕಡಿಮೆ ಬಿದ್ದರೆ ಗೆದ್ದ ಕುದುರೆಯೂ ಅನರ್ಹ.

ಭಾರ ಏನು ಮಾಡುತ್ತದೆ ಎಂಬುದಕ್ಕೆ ಫಾರ್ ಲ್ಯಾಪ್ ಸಾಕು. 1930ರಲ್ಲಿ ಸುಮಾರು 62.5 ಕಿಲೋ ಹೊತ್ತು ಗೆದ್ದ ಆ ಕುದುರೆಗೆ 1931ರಲ್ಲಿ 68 ಕಿಲೋ ಹೇರಿದರು. ಎಂಟನೆಯದಾಗಿ ಬಂತು. 1890ರಲ್ಲಿ ಕಾರ್ಬೈನ್ ಸುಮಾರು 66 ಕಿಲೋ ಹೊತ್ತು 39 ಕುದುರೆಗಳ ನಡುವೆ ಗೆದ್ದದ್ದು ಈ ಕಾರಣಕ್ಕೇ ದಂತಕಥೆಯಾಯಿತು.

ನ್ಯಾಯವೇ ಎಂದರೆ, ಅತ್ಯುತ್ತಮ ಕುದುರೆಯನ್ನು ಹುಡುಕುವ ಪಂದ್ಯವಾಗಿದ್ದರೆ ಅನ್ಯಾಯ. ಅದಕ್ಕೆ ಸಮಭಾರದ ಪಂದ್ಯಗಳು ಬೇರೆ ಇವೆ. ಕಪ್‌ನ ಜೀವ ಇರುವುದು 24ನೆಯ ಕುದುರೆಗೂ ಆಸೆ ಉಳಿಸುವುದರಲ್ಲಿ. 2015ರ ಪ್ರಿನ್ಸ್ ಆಫ್ ಪೆನ್ಜಾನ್ಸ್ 53 ಕಿಲೋ ಹೊತ್ತು, ಒಂದಕ್ಕೆ ನೂರರ ದರದಲ್ಲಿ ಗೆದ್ದದ್ದು ಹೀಗೆ.

ಪ್ರಶ್ನೆ: ಕುದುರೆಗಳು ಸಾಯುವ ಓಟವನ್ನು ಹಬ್ಬವೆಂದು ಆಚರಿಸಲು ಮನಸ್ಸು ಒಪ್ಪುತ್ತಿಲ್ಲ. ನನ್ನ ಮಗಳ ಶಾಲೆಯಲ್ಲಿ ಮಕ್ಕಳೇ ‘ಕಪ್ ಬೇಡ’ ಎನ್ನುತ್ತಾರೆ. ನಿಜವಾಗಿಯೂ ಏನಾದರೂ ಬದಲಾಗಿದೆಯೇ? *(ಮೆಲ್ಬರ್ನ್‌ನ ಓದುಗರು)*

ಉತ್ತರ: ಬದಲಾಗಿದೆ, ಕಾಟಾಚಾರಕ್ಕೆ ಅಲ್ಲ. ಆದರೆ ಮಕ್ಕಳ ಮಾತು ಹುಟ್ಟಿದ್ದು ಸುಮ್ಮನಲ್ಲ ಎಂಬುದನ್ನು ಮೊದಲು ಒಪ್ಪಬೇಕು.

2013ರಲ್ಲಿ ವೆರೀಮಾ ಎಂಬ ಕುದುರೆ ಓಟದ ನಡುವೆಯೇ ಕಾಲು ಮುರಿದುಕೊಂಡು ಪ್ರಾಣ ಕಳೆದುಕೊಂಡಿತು. 2014ರಲ್ಲಿ ಎರಡು ಸತ್ತವು. ಫೇವರಿಟ್ ಆಗಿದ್ದ ಜಪಾನಿನ ಅಡ್ಮೈರ್ ರಕ್ತಿ ಕೊನೆಯದಾಗಿ ಬಂದು, ಲಾಯಕ್ಕೆ ಮರಳಿದ ಮೇಲೆ ಹೃದಯದ ಬಡಿತ ಏರುಪೇರಾಗಿ ಕುಸಿಯಿತು. ಅರಾಲ್ಡೊ ಓಟ ಮುಗಿಸಿ ಮರಳುವಾಗ ಪ್ರೇಕ್ಷಕರ ಕಡೆಯ ಬಾವುಟವೊಂದಕ್ಕೆ ಬೆದರಿ ಬೇಲಿಗೆ ಒದ್ದು ಕಾಲು ಮುರಿದುಕೊಂಡಿತು. 2015ರಲ್ಲಿ ಗಾಯಗೊಂಡ ರೆಡ್ ಕೆಡೋ ಕೆಲವು ವಾರಗಳ ಬಳಿಕ ತೀರಿತು. 2018ರಲ್ಲಿ ದಿ ಕ್ಲಿಫ್ಸ್ ಆಫ್ ಮೋಹರ್, 2020ರಲ್ಲಿ ಇಂಗ್ಲೆಂಡಿನ ಎಪ್ಸಂ ಡರ್ಬಿಯನ್ನೇ ಗೆದ್ದಿದ್ದ ಆಂಟನಿ ವ್ಯಾನ್ ಡೈಕ್. ಎಂಟು ವರ್ಷದಲ್ಲಿ ಆರು. ಎಲ್ಲವೂ ಹೊರದೇಶದಿಂದ ಬಂದ ಕುದುರೆಗಳು.

ಕಾಲು ಮುರಿಯುವುದು ಹೆಚ್ಚಿನ ಸಲ ಎಡವಿ ಬಿದ್ದದ್ದರಿಂದಲ್ಲ. ಸುಮಾರು 500 ಕಿಲೋ ತೂಗುವ ಕುದುರೆ ನಾಗಾಲೋಟದಲ್ಲಿ ಇರುವಾಗ ಒಂದೊಂದು ಮುಂಗಾಲಿನ ಮೇಲೂ ಪ್ರತಿ ಹೆಜ್ಜೆಗೆ ಮೈತೂಕದ ಎರಡೂವರೆ ಪಟ್ಟು ಹೊರೆ ಬೀಳುತ್ತದೆ. ಅದನ್ನು ತಾಳುವುದು ಗೊರಸಿನ ಮೇಲಿನ ಗಿಣ್ಣು ಮತ್ತು ಅದಕ್ಕೆ ಕೂಡುವ ಉದ್ದ ಮೂಳೆಯ ಕೆಳತುದಿ. ಪದೇಪದೇ ವೇಗದ ತಾಲೀಮು ನಡೆದಾಗ ಅಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳಾಗುತ್ತವೆ. ಮೈ ಅದನ್ನು ತಾನೇ ರಿಪೇರಿ ಮಾಡುತ್ತದೆ. ಆದರೆ ರಿಪೇರಿಯ ಮೊದಲ ಹಂತದಲ್ಲಿ ಹಳೆ ಮೂಳೆ ಕರಗುತ್ತದೆ, ಹೊಸದು ತುಂಬಿಕೊಳ್ಳಲು ವಾರಗಳು ಬೇಕು. ಆ ಟೊಳ್ಳು ಹೊತ್ತಿನಲ್ಲಿ ಮತ್ತೆ ವೇಗವಾಗಿ ಓಡಿಸಿದರೆ ಮೂಳೆ ಒಡೆಯುತ್ತದೆ. ಮುಂಚೆ ಕುಂಟು ಕಾಣಲೇಬೇಕೆಂದಿಲ್ಲ. ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಗಳ ನೆರಳು ಒಂದರ ಮೇಲೊಂದು ಬೀಳುವುದರಿಂದ ಇಂಥ ಬಿರುಕು ಮರೆಯಾಗುತ್ತದೆ.

2021ರಲ್ಲಿ ವಿಕ್ಟೋರಿಯಾದ ರೇಸಿಂಗ್ ಆಡಳಿತ 41 ಶಿಫಾರಸುಗಳ ವರದಿ ಹೊರತಂದು ನಿಯಮ ಬಿಗಿ ಮಾಡಿತು. ಹೊರಗಿನ ಕುದುರೆಗಳಿಗೆ ವಿಮಾನ ಹತ್ತುವ ಮುಂಚೆಯೇ ಮೂಳೆ ಪರೀಕ್ಷೆ. ಮೊದಲೇ ದೊಡ್ಡ ಮುರಿತವಾಗಿ, ಮೂಳೆಗೆ ಸ್ಕ್ರೂ ಹಾಕಿಸಿಕೊಂಡವುಗಳಿಗೆ ಪ್ರವೇಶವಿಲ್ಲ. ಕಪ್ ಓಡುವ ಕುದುರೆಗಳಿಗೆಲ್ಲ, ಸ್ಥಳೀಯವಾದರೂ ಸರಿ, ಕಾಲಿನ ಸಿಟಿ ಸ್ಕ್ಯಾನ್ ಕಡ್ಡಾಯ. ಕುದುರೆಗೆ ಮಂಪರಿನ ಮದ್ದು ಕೊಟ್ಟು, ನಿಂತಂತೆಯೇ ಕಾಲನ್ನು ಯಂತ್ರದೊಳಗೆ ಇರಿಸಿ ಮೂಳೆಯನ್ನು ಪದರಪದರವಾಗಿ ನೋಡುತ್ತಾರೆ. ಪೂರ್ತಿ ಅರಿವಳಿಕೆ ಕೊಟ್ಟರೆ ಎಚ್ಚರವಾಗಿ ಏಳುವಾಗಲೇ ಕುದುರೆ ಕಾಲು ಮುರಿದುಕೊಳ್ಳುವ ಅಪಾಯವಿದೆ. ನಿಂತೇ ಮಾಡುವ ಸ್ಕ್ಯಾನ್ ಆ ಕಷ್ಟ ತಪ್ಪಿಸಿತು.

ಇದರ ಬೆಲೆಯನ್ನೂ ಹೇಳಬೇಕು. 2024ರಲ್ಲಿ ಇಂಗ್ಲೆಂಡಿನ ಸೇಂಟ್ ಲೆಜರ್ ಗೆದ್ದು ಬಂದ ಜಾನ್ ಬ್ರೂಗೆಲ್ ಎಂಬ ಕುದುರೆಯನ್ನು ಸ್ಕ್ಯಾನ್ ನೋಡಿದ ಪಶುವೈದ್ಯರು ಓಡಲು ಬಿಡಲಿಲ್ಲ. ಕುದುರೆ ಆರೋಗ್ಯವಾಗಿದೆ ಎಂದು ಅದರ ಕಡೆಯವರು ಗಟ್ಟಿಯಾಗಿ ಪ್ರತಿಭಟಿಸಿದರು. ಮರುವರ್ಷ ಎಪ್ಸಂನಲ್ಲಿ ಅದು ಕೊರೊನೇಶನ್ ಕಪ್ ಗೆದ್ದಾಗ ‘ನೋಡಿ, ತಪ್ಪು ತೀರ್ಪು’ ಎಂದವರು ಬಹಳ. ನಮಗೆ ಹಾಗೆ ಅನಿಸುವುದಿಲ್ಲ. ಸ್ಕ್ಯಾನ್ ಹೇಳುವುದು ಅಪಾಯದ ಪ್ರಮಾಣವನ್ನು. ವಿಶ್ರಾಂತಿ ಪಡೆದ ಕುದುರೆ ತಿಂಗಳುಗಳ ನಂತರ ಚೆನ್ನಾಗಿ ಓಡಿದರೆ, ಅಂದು ಓಡಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಅದರಿಂದ ಸಾಬೀತಾಗುವುದಿಲ್ಲ. 2021ರಿಂದ 2025ರವರೆಗಿನ ಐದು ಕಪ್‌ಗಳಲ್ಲಿ ಓಟದಲ್ಲಿ ಒಂದೂ ಕುದುರೆ ಸತ್ತಿಲ್ಲ. ದೊಡ್ಡ ಹೆಸರೊಂದು ಪಟ್ಟಿಯಿಂದ ಬಿದ್ದು ಕಪ್ ಮಂಕಾದರೆ ಆಗಲಿ. ಪರದೆ ಅಡ್ಡ ಹಿಡಿದು ಕುದುರೆಯನ್ನು ಸಾಗಿಸುವ ದೃಶ್ಯ ಕಂಡ ಮಗು ಮತ್ತೆ ಈ ಓಟದತ್ತ ಮುಖ ಹಾಕುವುದಿಲ್ಲ.

ಚಾವಟಿಯ ವಿಷಯವನ್ನೂ ಮಗಳು ಕೇಳಬಹುದು. ಕೊನೆಯ 100 ಮೀಟರಿಗೆ ಮುಂಚೆ ಐದಕ್ಕಿಂತ ಹೆಚ್ಚು ಏಟು ಹಾಕುವಂತಿಲ್ಲ, ಸತತ ಹೆಜ್ಜೆಗಳಲ್ಲೂ ಹಾಕುವಂತಿಲ್ಲ. ಕೊನೆಯ 100 ಮೀಟರ್ ಜಾಕಿಯ ವಿವೇಚನೆಗೆ ಬಿಟ್ಟದ್ದು. ಈ ಕೊನೆಯ ಸಡಿಲಿಕೆ ಹೋಗಬೇಕು ಎಂಬುದು ನಮ್ಮ ಅಭಿಪ್ರಾಯ. ಸುಸ್ತಾದ ಕುದುರೆಗೆ ಬೀಳುವ ಏಟೇ ಎಲ್ಲರ ಕಣ್ಣಿಗೆ ಕಾಣುವುದು.

ಪ್ರಶ್ನೆ: ಕಚೇರಿಯಲ್ಲಿ ‘ಸ್ವೀಪ್’ ನಡೆಸುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಹೇಗೆ ಮಾಡುವುದು? *(ಬ್ರಿಸ್ಬೇನ್‌ನ ಓದುಗರು)*

ಉತ್ತರ: ಚೀಟಿ ಎತ್ತಿ ಕುದುರೆ ಹಂಚಿಕೊಳ್ಳುವ ಆಟ ಇದು. ಶನಿವಾರ ಸಂಜೆ ಕೊನೆಯ 24 ಹೆಸರು ಹೊರಬೀಳುತ್ತವೆ. ಅದಕ್ಕೆ ಮುಂಚೆ ಚೀಟಿ ಬರೆಯಬೇಡಿ, ಇದೇ ಹೆಚ್ಚು ಜನ ಮಾಡುವ ತಪ್ಪು. 24 ಚೀಟಿ, ತಲಾ 5 ಡಾಲರ್ ಎಂದರೆ 120 ಡಾಲರ್. ಮೊದಲಿಗೆ 65, ಎರಡನೆಯದಕ್ಕೆ 30, ಮೂರಕ್ಕೆ 20, ಕಟ್ಟಕಡೆಗೆ ಬಂದದ್ದಕ್ಕೆ ಹಾಕಿದ 5 ವಾಪಸು ಎಂದು ಹಂಚಿದರೆ ಲೆಕ್ಕ ಸರಿಹೋಗುತ್ತದೆ. ಜನ ಕಡಿಮೆ ಇದ್ದರೆ ಒಬ್ಬರಿಗೆ ಎರಡು ಚೀಟಿ ಕೊಡಿ, ಮಾರದ ಚೀಟಿ ಉಳಿಸಬೇಡಿ. ಉಳಿದ ಕುದುರೆಯೇ ಗೆದ್ದರೆ ಜಗಳ ಖಂಡಿತ.

ಶನಿವಾರದ ನಂತರ ಕುದುರೆ ಹಿಂದೆ ಸರಿದರೆ ಅದರ ಜಾಗಕ್ಕೆ ಬೇರೊಂದು ಬರುವುದಿಲ್ಲ. ಆ ಚೀಟಿಯವರಿಗೆ 5 ಡಾಲರ್ ಮರಳಿಸಿ ಮೊದಲ ಬಹುಮಾನದಿಂದ ಕಳೆಯುತ್ತೇವೆ ಎಂದು ಮೊದಲೇ ಹಲಗೆಯ ಮೇಲೆ ಬರೆದುಬಿಡಿ. ಇಬ್ಬರು ಸಮನಾಗಿ ಬಂದರೆ ಎರಡು ಬಹುಮಾನ ಕೂಡಿಸಿ ಅರ್ಧರ್ಧ. ಸಂಗ್ರಹವಾದದ್ದೆಲ್ಲ ಬಹುಮಾನಕ್ಕೇ ಹೋಗಬೇಕು, ನೀವು ಒಂದು ಸೆಂಟೂ ಇಟ್ಟುಕೊಳ್ಳುವಂತಿಲ್ಲ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬೇರೆ, ನಿಮ್ಮ ರಾಜ್ಯದ್ದನ್ನು ಒಮ್ಮೆ ಓದಿಕೊಳ್ಳಿ. ಜೂಜು ಒಲ್ಲದವರನ್ನು, ಕುದುರೆಗಳ ಕಾರಣಕ್ಕೆ ದೂರ ಇರುವವರನ್ನು ಎಲ್ಲರೆದುರು ಒತ್ತಾಯ ಮಾಡಬೇಡಿ.

ಪ್ರಶ್ನೆ: ನಾನು ವಿದ್ಯಾರ್ಥಿ. ಕಪ್ ವಾರ ಬಂದರೆ ಮೊಬೈಲ್ ತುಂಬ ‘ಟ್ರೈಫೆಕ್ಟಾ ಹೊಡೆಯಿರಿ’ ಎಂಬ ಜಾಹೀರಾತು. ಗೆಳೆಯರು ಗೆದ್ದಿದ್ದಾರೆ. ಬುದ್ಧಿ ಉಪಯೋಗಿಸಿದರೆ ಗೆಲ್ಲಬಹುದೇ? *(ಮೆಲ್ಬರ್ನ್‌ನ ಓದುಗರು)*

ಉತ್ತರ: ಲೆಕ್ಕ ಮುಂದಿಡುತ್ತೇವೆ, ನೀವೇ ನೋಡಿ. ಟ್ರೈಫೆಕ್ಟಾ ಎಂದರೆ ಮೊದಲ ಮೂರು ಕುದುರೆಗಳನ್ನು ಕ್ರಮವಾಗಿ ಹೇಳುವುದು. 24 ಕುದುರೆಗಳಲ್ಲಿ ಅಂಥ ಜೋಡಣೆಗಳು 24×23×22, ಅಂದರೆ 12,144. ಮೊದಲ ನಾಲ್ಕನ್ನು ಹೇಳುವ ಬಾಜಿಗೆ 2,55,024. ಐದು ಕುದುರೆಗಳನ್ನು ಹೇಗೆ ಬಂದರೂ ಸರಿ ಎಂದು ‘ಬಾಕ್ಸ್’ ಮಾಡಿದರೆ 60 ಜೋಡಣೆ. ಒಂದು ಡಾಲರಿನಂತೆ 60 ಡಾಲರ್. ಮೊಬೈಲ್ ಆಪ್ ಅದನ್ನೇ 30 ಡಾಲರಿಗೆ ಕೊಡುತ್ತದೆ. ಆಗ ಗೆದ್ದರೂ ಪ್ರಕಟವಾದ ಮೊತ್ತದ ಅರ್ಧ ಮಾತ್ರ ಕೈಗೆ. ಇದು ತಿಳಿಯದೆ ಆಮೇಲೆ ಗೋಳಾಡುವವರು ಪ್ರತಿ ವರ್ಷ ಇರುತ್ತಾರೆ.

ಟೋಟ್‌ನಲ್ಲಿ ಎಲ್ಲರ ಹಣ ಒಂದು ಗುಡ್ಡೆ. ಅದರಿಂದ ನಡೆಸುವವರ ಪಾಲೂ ತೆರಿಗೆಯೂ ಮೊದಲೇ ಕಳೆದು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಟ್ರೈಫೆಕ್ಟಾದಂಥ ಬಾಜಿಗೆ ಆ ಕಡಿತ ಇನ್ನೂ ಹೆಚ್ಚು. ನಿಗದಿ ದರದಲ್ಲಿ ಕಟ್ಟಿದರೆ ದರ ಬದಲಾಗದು, ಆದರೆ ಕೊನೆಗಳಿಗೆಯಲ್ಲಿ ಕುದುರೆಯೊಂದು ಹಿಂದೆ ಸರಿದರೆ ಗೆಲುವಿನ ಮೊತ್ತದಲ್ಲಿ ಕಡಿತವಾಗುತ್ತದೆ. ವಾರಗಳ ಮುಂಚೆ ಕಟ್ಟುವ ಬಾಜಿಯಲ್ಲಿ ಕುದುರೆ ಓಡದಿದ್ದರೆ ಸಾಮಾನ್ಯವಾಗಿ ಹಣ ಹೋದಂತೆಯೇ.

ಬುದ್ಧಿಯ ಮಾತಿಗೆ ಬಂದರೆ, ಕಪ್ ಓಡುವ ಬಹುಪಾಲು ಕುದುರೆಗಳು ಅದುವರೆಗೆ 3,200 ಮೀಟರ್ ಓಡಿಯೇ ಇರುವುದಿಲ್ಲ. ಭಾರ ಹಂಚಿ ಸಮ ಮಾಡಿದ ಪಂದ್ಯ. 24 ಕುದುರೆಗಳ ದಟ್ಟಣೆಯಲ್ಲಿ ಒಳ್ಳೆಯ ಕುದುರೆಯೂ ದಾರಿ ಸಿಗದೆ ಸಿಕ್ಕಿಕೊಳ್ಳುತ್ತದೆ. 2024ರಲ್ಲಿ ನೈಟ್ಸ್ ಚಾಯ್ಸ್ ಒಂದಕ್ಕೆ ತೊಂಬತ್ತರ ದರದಲ್ಲಿ ಗೆದ್ದಿತು. ವರ್ಷವಿಡೀ ಅಧ್ಯಯನ ಮಾಡುವವರೇ ಅದನ್ನು ಎತ್ತಿರಲಿಲ್ಲ. ಕಟ್ಟಲೇಬೇಕೆನಿಸಿದರೆ ಹೋದರೂ ಊಟಕ್ಕೆ ತೊಂದರೆಯಾಗದ ಮೊತ್ತ, ಒಂದೇ ಕುದುರೆ, ಒಂದೇ ಸಲ. ಸೋತದ್ದನ್ನು ಮುಂದಿನ ರೇಸಿನಲ್ಲಿ ತೆಗೆಯುತ್ತೇನೆ ಎಂಬ ಯೋಚನೆ ಬಂದ ಕ್ಷಣ ಆಪ್ ಅಳಿಸಿ. ಆಸ್ಟ್ರೇಲಿಯಾದಲ್ಲಿ 2023ರ ಆಗಸ್ಟ್‌ನಿಂದ ‘ಬೆಟ್‌ಸ್ಟಾಪ್’ ಎಂಬ ರಾಷ್ಟ್ರೀಯ ನೋಂದಣಿ ಇದೆ. ಅದರಲ್ಲಿ ಹೆಸರು ಬರೆಸಿದರೆ ಪರವಾನಗಿ ಪಡೆದ ಯಾವ ಆನ್‌ಲೈನ್ ಕಂಪನಿಯೂ ನಿಮ್ಮಿಂದ ಬಾಜಿ ತೆಗೆದುಕೊಳ್ಳುವಂತಿಲ್ಲ, ಜಾಹೀರಾತು ಕಳಿಸುವಂತಿಲ್ಲ. ಉಚಿತ, ಕೆಲವೇ ನಿಮಿಷದ ಕೆಲಸ. ಆನ್‌ಲೈನ್ ಬಾಜಿಗೆ ಕ್ರೆಡಿಟ್ ಕಾರ್ಡ್ ಬಳಕೆಯೂ 2024ರ ಜೂನ್‌ನಿಂದ ನಿಷಿದ್ಧ. ಊರಿನಿಂದ ಬಂದ ಶುಲ್ಕದ ಹಣದಲ್ಲಿ ಆಡಿ ಸಿಕ್ಕಿಬಿದ್ದ ಹುಡುಗರ ಸಂಕಟ ದೊಡ್ಡದು. ಜಾಹೀರಾತು ನಿಮ್ಮನ್ನು ಕಾಡುತ್ತಿದೆ ಎಂದಿದ್ದೀರಿ. ಇವತ್ತೇ ನೋಂದಾಯಿಸಿಕೊಳ್ಳಿ.

ಪ್ರಶ್ನೆ: ಬೆಂಗಳೂರು ಡರ್ಬಿಗೂ ಇದೇ ಗತಿ ಬಂದಿದೆಯಲ್ಲ? *(ಬೆಂಗಳೂರಿನ ಓದುಗರು)*

ಉತ್ತರ: ಗತಿ ಒಂದೇ ತರಹ ಕಂಡರೂ ಕಾರಣ ಬೇರೆ. ಇಲ್ಲಿನ ಡರ್ಬಿಗಳಲ್ಲಿ ಓಡುವುದು ಇಲ್ಲೇ ಹುಟ್ಟಿದ ಕುದುರೆಗಳು. ಬೆಂಗಳೂರು, ಮೈಸೂರು, ಮುಂಬೈಗಳಲ್ಲಿ ಅವು ಓಡುವುದನ್ನು ನೋಡುತ್ತ ಬಂದ ಅಭಿಮಾನಿಗೆ ಪರಿಚಯದ ಕೊರತೆ ಇಲ್ಲ. ಇಲ್ಲಿ ಪೆಟ್ಟು ಬಿದ್ದಿರುವುದು ತೆರಿಗೆ ಮತ್ತು ಅನಿಶ್ಚಿತತೆಯಿಂದ. ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶೇಕಡಾ 28ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40. ನೂರು ರೂಪಾಯಿ ಬಾಜಿಗೆ ನಲವತ್ತು ರೂಪಾಯಿ ತೆರಿಗೆಯೆಂದರೆ ಲೆಕ್ಕ ಬಲ್ಲವನು ಟೋಟ್ ಕಿಟಕಿಗೆ ಬರುವುದಿಲ್ಲ. ಬಿಲ್ಲಿಲ್ಲದ ಬುಕ್ಕಿಯ ಹತ್ತಿರ ಹೋಗುತ್ತಾನೆ. ಬಹುಮಾನದ ಹಣ ಹುಟ್ಟುವುದು ಟೋಟ್‌ನಿಂದ, ಕುದುರೆ ಸಾಕುವ ಆಸೆ ಹುಟ್ಟುವುದು ಬಹುಮಾನದಿಂದ. ಜೊತೆಗೆ ಮೈದಾನದ ಗುತ್ತಿಗೆ 2009ರಲ್ಲೇ ಮುಗಿದು ವಿವಾದ ಎಳೆಯುತ್ತಲೇ ಇದೆ. 2024ರಲ್ಲಿ ಸರ್ಕಾರ ಪರವಾನಗಿ ಕೊಡದೆ ಬೇಸಿಗೆ ಋತುವೇ ಹೈಕೋರ್ಟಿನ ಮೆಟ್ಟಿಲೇರಿತು. ಮುಂದಿನ ವಾರ ರೇಸು ಇದೆಯೋ ಇಲ್ಲವೋ ಗೊತ್ತಿಲ್ಲದ ಊರಿನಲ್ಲಿ ಹೊಸ ಪ್ರೇಕ್ಷಕ ಹುಟ್ಟುವುದು ಕಷ್ಟ.

ಪ್ರಶ್ನೆ: ಕಪ್ಪನ್ನು ಶನಿವಾರಕ್ಕೆ ಬದಲಿಸಿದರೆ ಇಡೀ ದೇಶಕ್ಕೆ ಬಿಡುವು ಸಿಗುತ್ತದಲ್ಲ? *(ಪರ್ತ್‌ನ ಓದುಗರು)*

ಉತ್ತರ: ಬೇಡ. ಎಪ್ಸಂ ಡರ್ಬಿಯನ್ನು 1995ರಲ್ಲಿ ಬುಧವಾರದಿಂದ ಶನಿವಾರಕ್ಕೆ ತಂದರು. ಶನಿವಾರದ ಹತ್ತಾರು ಕ್ರೀಡೆಗಳ ನಡುವೆ ಅದು ಇನ್ನೊಂದಾಯಿತು. ಮಂಗಳವಾರಕ್ಕೆ ಸ್ಪರ್ಧಿ ಇಲ್ಲ. ಮೆಲ್ಬರ್ನ್‌ನಲ್ಲಿ 1877ರಿಂದ ಅಂದು ಸಾರ್ವಜನಿಕ ರಜೆ. ಸೋಮವಾರವೂ ರಜೆ ಹಾಕಿ ನಾಲ್ಕು ದಿನ ಸಮುದ್ರ ತೀರಕ್ಕೆ ಹೋಗುವವರು ಹೆಚ್ಚಿದ್ದಾರೆ ಎಂಬುದು ನಿಜ. ಅದಕ್ಕೆ ದಿನ ಬದಲಿಸುವುದು ಮದ್ದಲ್ಲ.

ಪ್ರಶ್ನೆ: ನವೆಂಬರ್‌ನಲ್ಲಿ ಮಗನ ಮನೆಗೆ ಹೋಗುತ್ತಿದ್ದೇವೆ. ಒಮ್ಮೆ ನೋಡಬೇಕೆಂದಿದೆ. ಜೂಜು ಬೇಡ, ಕುದುರೆ ನೋಡಿದರೆ ಸಾಕು. *(ಮೈಸೂರಿನ ಓದುಗರು)*

ಉತ್ತರ: ಕುದುರೆ ನೋಡಲು ಹೋಗುವವರಿಗೆ ಅದು ಇನ್ನೂ ಸೊಗಸಾದ ದಿನ. 2026ರ ಕಪ್ ನವೆಂಬರ್ 3ರಂದು. ಟಿಕೆಟ್ ಮುಂಚೆಯೇ ಕೊಂಡಿಡಿ. ಕಾರು ಬೇಡ, ನಗರದಿಂದ ಮೈದಾನದ ಬಾಗಿಲಿಗೇ ವಿಶೇಷ ರೈಲುಗಳು ಓಡುತ್ತವೆ. ಬೆಳಿಗ್ಗೆ ಹೊರಟು, ಮರಳುವಾಗ ಕೊನೆಯ ರೇಸಿಗೆ ಕಾಯದೆ ಎದ್ದರೆ ನೂಕುನುಗ್ಗಲು ತಪ್ಪುತ್ತದೆ. ಒಂದೇ ದಿನ ಬಿಸಿಲು, ಮಳೆ, ಚಳಿಗಾಳಿ ಮೂರೂ ಬರುವ ಊರು. ಶಾಲು, ಮಳೆಯಂಗಿ, ಟೋಪಿ, ನಡೆಯಲು ಹಿತವಾದ ಚಪ್ಪಲಿ ಇರಲಿ. ಜನ ಕಡಿಮೆ ಇರಬೇಕೆಂದರೆ ಅದೇ ವಾರದ ಗುರುವಾರದ ಓಕ್ಸ್ ದಿನ ಅಥವಾ ಕೊನೆಯ ಶನಿವಾರ ಹೋಗಿ.

ಕಪ್ ಶುರುವಾಗುವ ಅರ್ಧ ಗಂಟೆ ಮುಂಚೆ ಕುದುರೆಗಳನ್ನು ಸುತ್ತಾಡಿಸುವ ಅಂಗಳದ ಬೇಲಿಗೆ ಬಂದು ನಿಲ್ಲಿ. ಕಿವಿ ಮುಂದಕ್ಕಿಟ್ಟು, ಕತ್ತು ತಗ್ಗಿಸಿ, ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳುವಂತೆ ಸಡಿಲವಾಗಿ ನಡೆಯುವ ಕುದುರೆ ನೆಮ್ಮದಿಯಲ್ಲಿದೆ. ತೊಡೆಗಳ ನಡುವೆ ಬಿಳಿ ನೊರೆ ಕಟ್ಟಿ, ಬಾಲ ಬೀಸುತ್ತ, ಅಡ್ಡಡ್ಡ ಹೆಜ್ಜೆ ಹಾಕುವುದು ಓಟಕ್ಕೆ ಮೊದಲೇ ಶಕ್ತಿ ಚೆಲ್ಲುತ್ತಿದೆ. ಮೈದಾನದ ಸುತ್ತಳತೆ 2,312 ಮೀಟರ್. ಹಾಗಾಗಿ ನೇರ ದಾರಿಯ ತುದಿಯಿಂದ ಹೊರಟ ಕುದುರೆಗಳು ಸುಮಾರು 890 ಮೀಟರ್ ಓಡಿ, ಒಂದು ನಿಮಿಷದೊಳಗೆ ಗುರಿಕಂಬದ ಮುಂದೆ ಮೊದಲ ಸಲ ಹಾಯುತ್ತವೆ. ಆಗ ಬೇಲಿ ಪಕ್ಕ ಇರಿ. ನೆಲದ ಅದುರು ಕಾಲಿಗೆ ತಾಗುತ್ತದೆ. ಒಳಬೇಲಿಯ ಹತ್ತಿರ ದಾರಿ ಉಳಿಸುತ್ತಿರುವವು ಯಾವುವು, ಹೊರಗೆ ಸಿಕ್ಕಿ ಹೆಚ್ಚು ದೂರ ಓಡುತ್ತಿರುವವು ಯಾವುವು ಎಂದು ಅಲ್ಲೇ ಗುರುತಿಸಿಕೊಳ್ಳಿ. ಅವು ಆಚೆ ಬದಿ ಸುತ್ತಿ, ಕೊನೆಯ 450 ಮೀಟರಿನ ನೇರ ದಾರಿಗೆ ತಿರುಗುವವರೆಗೆ ದೊಡ್ಡ ಪರದೆ ನೋಡಿ.

ಹೋಗಲಾಗದ ನೆಂಟರಿಗೆ ಹೇಳಿ. ಅಲ್ಲಿನ ಮಧ್ಯಾಹ್ನ ಮೂರು ಎಂದರೆ ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ.